ಸರ್ಕಾರದ ಪಾಲು ಎಲ್ಲಿಗೆ ಮುಗಿಯುತ್ತದೆ? ಪಿಂಚಣಿಯ ಒಂದು ಚರಿತ್ರೆ

ಪ್ರತಿ ವರ್ಷ ನವೆಂಬರ್ ತಿಂಗಳು ಬಂದಿತೆಂದರೆ ನಾವು ನಿವೃತ್ತರು ಬ್ಯಾಂಕಿಗೆ ಹೋಗಿ, ಇನ್ನೂ ಬದುಕಿದ್ದೇವೆಂದು ಬರೆದುಕೊಟ್ಟು ರುಜು ಹಾಕಿ ಬರಬೇಕು. ಈಗ ಯಂತ್ರದ ಮೇಲೆ ಬೆರಳೊತ್ತಿದರೂ ಸಾಕೆನ್ನುತ್ತಾರೆ. ಆದರೆ ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದು ನನ್ನ ಬೆರಳಿನ ಗೆರೆಗಳು ಸವೆದುಹೋಗಿರುವುದರಿಂದಲೋ ಏನೋ, ಯಂತ್ರಕ್ಕೆ ನನ್ನ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಆದ್ದರಿಂದ ನನಗೆ ಕಾಗದವೇ ಗತಿ.

ಕಳೆದ ನವೆಂಬರಿನಲ್ಲಿ ಹೀಗೆ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ "ಸಾರ್" ಎಂದರು. ತಿರುಗಿ ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು, ಈಗ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಅಧ್ಯಾಪಕ. 2008ರಲ್ಲಿ ನೌಕರಿಗೆ ಸೇರಿದವನು. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿ ನಕ್ಕು ಹೇಳಿದ: "ನೀವು ಬದುಕಿದ್ದೀರೆಂದು ರುಜು ಹಾಕಿದರೆ ಸರ್ಕಾರ ಕೊಡುತ್ತದೆ ಸಾರ್. ನಾವು ಬದುಕಿದಷ್ಟು ದಿನವೂ ನಮ್ಮ ಗಂಟೇ ಸಾಲಬೇಕು."

ಮಾತು ನಗುತ್ತಲೇ ಬಂದಿತಾದರೂ ನನಗೆ ಮನೆಗೆ ಬರುವ ತನಕ ಅದೇ ಗುಂಗು. ಒಂದೇ ಇಲಾಖೆ, ಒಂದೇ ವಿಷಯ, ಹೆಚ್ಚುಕಡಿಮೆ ಅದೇ ಪಠ್ಯ. ನಾನು 2005ರಲ್ಲಿ ಐವತ್ತೆಂಟು ತುಂಬಿ ನಿವೃತ್ತನಾದೆ; ಅವನು ಮೂರು ವರ್ಷದ ಬಳಿಕ ಸೇರಿದ. ಆ ಮೂರು ವರ್ಷಗಳ ನಡುವೆ, 2006ರ ಏಪ್ರಿಲ್ 1ರಂದು, ಒಂದು ಗೆರೆ ಎಳೆಯಲ್ಪಟ್ಟಿತು. ಗೆರೆಯ ಆಚೆಗಿರುವ ನನಗೆ ಸರ್ಕಾರ ಎಷ್ಟು ಕೊಡಬೇಕಾದೀತೆಂದು ಯಾರೂ ಮುಂಚಿತವಾಗಿ ಹೇಳಲಾರರು. ಅದು ನನ್ನ ಆಯುಸ್ಸನ್ನು ಅವಲಂಬಿಸಿದೆ. ಈಚೆಗಿರುವ ಅವನಿಗೆ ಸರ್ಕಾರ ಎಷ್ಟು ಕೊಡುತ್ತದೆಂಬುದು ಪ್ರತಿ ತಿಂಗಳ ಸಂಬಳದ ಪಟ್ಟಿಯಲ್ಲಿಯೇ ಬರೆದಿದೆ, ಅದರಾಚೆಗೆ ಇಲ್ಲ. ಈ ಗೆರೆಯ ಚರಿತ್ರೆಯನ್ನು ಬರೆಯಬೇಕೆನಿಸಿತು. ನನ್ನ ತರಗತಿಯಲ್ಲಿ ಕುಳಿತವರು ಕ್ಷಮಿಸಬೇಕು, ಒಂದಷ್ಟು ಇಸವಿಗಳು ಬರುತ್ತವೆ.

ಪಿಂಚಣಿ ಎಂಬುದು ನಮಗೆ ಬ್ರಿಟಿಷರ ಆಡಳಿತದಿಂದ ಬಂದದ್ದು, ಅದೂ ಹಕ್ಕಾಗಿ ಅಲ್ಲ, ಕೃಪೆಯಾಗಿ. 1871ರ ಪಿಂಚಣಿ ಕಾಯ್ದೆಯನ್ನು ಓದಿದರೆ ಅದರ ಮನೋಧರ್ಮ ತಿಳಿಯುತ್ತದೆ. ಸರ್ಕಾರ ದಯಪಾಲಿಸಿದ ಪಿಂಚಣಿಯ ವಿಷಯದಲ್ಲಿ ಜಿಲ್ಲಾಧಿಕಾರಿಯ ಪ್ರಮಾಣಪತ್ರವಿಲ್ಲದೆ ಸಿವಿಲ್ ನ್ಯಾಯಾಲಯಗಳು ದಾವೆಯನ್ನೇ ಕೇಳುವಂತಿರಲಿಲ್ಲ. ಕೊಡುವ ಕೈಯನ್ನು ಪ್ರಶ್ನಿಸಬಾರದೆಂಬುದು ಅದರ ತಾತ್ಪರ್ಯ. ಜೊತೆಗೆ, ನೌಕರ ಕಣ್ಣು ಮುಚ್ಚಿದನೆಂದರೆ ಪಿಂಚಣಿಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಇಂದು ನಾವು ಕಾಣುವಂಥ ಕುಟುಂಬ ಪಿಂಚಣಿ ಕೇಂದ್ರ ಸರ್ಕಾರದಲ್ಲಿ ಬಂದದ್ದು 1964ರಲ್ಲಿ. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1891ರಲ್ಲಿಯೇ ಸರ್ಕಾರಿ ನೌಕರರಿಗೆ ವಿಮೆ ಆರಂಭವಾಯಿತು. ಇಂದು ಎಲ್ಲ ಸರ್ಕಾರಿ ಮೇಷ್ಟ್ರುಗಳೂ ಕೆ.ಜಿ.ಐ.ಡಿ. ಎಂದು ಕರೆಯುವ ಇಲಾಖೆ ಅದೇ. ಸಂಬಳದಲ್ಲಿ ಹಿಡಿಯುವ ಆ ಕಂತಿಗೆ ನಾವೆಲ್ಲ ಗೊಣಗಿದವರೇ. ಆದರೆ ಪಿಂಚಣಿ ನೌಕರನ ಉಸಿರಿನೊಡನೆ ನಿಲ್ಲುತ್ತಿದ್ದ ಕಾಲದಲ್ಲಿ ಹೆಂಡತಿ ಮಕ್ಕಳಿಗೆ ಅದು ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕೆಂಬುದನ್ನು ಈಗ ಊಹಿಸಬಲ್ಲೆ.

ಪಿಂಚಣಿಯ ಜೊತೆಜೊತೆಗೇ ಇನ್ನೊಂದು ಪದ್ಧತಿಯೂ ನಡೆದುಬಂದಿತ್ತು. ಅದು ವಂತಿಗೆಯ ಭವಿಷ್ಯ ನಿಧಿ. ನೌಕರ ತನ್ನ ಸಂಬಳದ ಒಂದು ಭಾಗವನ್ನು ಕಟ್ಟುತ್ತಾನೆ, ಮಾಲೀಕನಾದ ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ, ಬಡ್ಡಿ ಬೆಳೆಯುತ್ತದೆ. ನಿವೃತ್ತಿಯ ದಿನ ಇಡುಗಂಟು ಕೈಗೆ ಬರುತ್ತದೆ. ಅಲ್ಲಿಗೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ. ರೈಲ್ವೆಯಲ್ಲಿ ಬಹುಕಾಲ ಇದ್ದದ್ದು ಇದೇ ಪದ್ಧತಿ. ಅಂದರೆ ಮಾಲೀಕನ ಪಾಲಿಗೆ ಮಿತಿ ಹಾಕುವ ಯೋಚನೆಯನ್ನು 2004ರಲ್ಲಿಯೋ 2006ರಲ್ಲಿಯೋ ಯಾರೂ ಹೊಸದಾಗಿ ಕಂಡುಹಿಡಿಯಲಿಲ್ಲ. ಅದು ನಮ್ಮ ಹಳೆಯ ಪರಿಚಯದ್ದೇ. ನಮ್ಮ ವಂಶದವರಿಗಂತೂ ಮನೆಯೊಳಗಿನ ಪರಿಚಯ.

ಬಂಧುಗಳಲ್ಲಿ ಹಿರಿಯರಾದವರಿಗೆ ಅರಸೀಕೆರೆಯ ನಮ್ಮ ದೊಡ್ಡಪ್ಪನವರ ನೆನಪಿರಬೇಕು. ಮೈಸೂರು ಸ್ಟೇಟ್ ರೈಲ್ವೆಯಲ್ಲಿ ಗುಮಾಸ್ತರಾಗಿ ಸೇರಿದವರು. 1951ರ ಏಪ್ರಿಲ್ 14ರಂದು ಮೈಸೂರು ರೈಲ್ವೆಯು ಮದ್ರಾಸಿನ ಎರಡು ರೈಲ್ವೆಗಳೊಡನೆ ಕೂಡಿ ದಕ್ಷಿಣ ರೈಲ್ವೆಯಾದಾಗ, ಕುರ್ಚಿ ಬಿಟ್ಟು ಏಳದೆಯೇ ಕೇಂದ್ರ ಸರ್ಕಾರದ ನೌಕರರಾದರೆಂದು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. 1957ರ ನವೆಂಬರ್ 16ರಿಂದ ರೈಲ್ವೆಯಲ್ಲಿ ಪಿಂಚಣಿ ಪದ್ಧತಿ ಬಂದಿತು. ಅಂದಿನಿಂದ ಸೇರುವವರಿಗೆಲ್ಲ ಪಿಂಚಣಿಯೇ. ಆಗಲೇ ಇದ್ದವರು ಬೇಕಾದರೆ ಭವಿಷ್ಯ ನಿಧಿಯಲ್ಲಿಯೇ ಉಳಿಯಬಹುದು, ಇಲ್ಲವೇ ಪಿಂಚಣಿಗೆ ಬದಲಾಗಬಹುದು. ಆಯ್ಕೆಯ ಅವಕಾಶವನ್ನು ಮುಂದೆಯೂ ಹಲವು ಬಾರಿ ತೆರೆದರು. ದೊಡ್ಡಪ್ಪ ಪ್ರತಿ ಬಾರಿಯೂ ಭವಿಷ್ಯ ನಿಧಿಯನ್ನೇ ಹಿಡಿದರು.

ಅವರನ್ನು ದಡ್ಡರೆನ್ನುವಂತಿಲ್ಲ. 1950ರ ದಶಕದಲ್ಲಿ ಭಾರತೀಯನ ಸರಾಸರಿ ಆಯುಸ್ಸು ಸುಮಾರು 40 ವರ್ಷ. ಶಿಶುಗಳ ಸಾವು ಆ ಲೆಕ್ಕವನ್ನು ಕೆಳಗೆಳೆದಿತ್ತೆಂಬುದು ನಿಜವಾದರೂ, ನಿವೃತ್ತಿಯಾಗಿ ಹತ್ತು ವರ್ಷ ಬದುಕಿದರೆ ಭಾಗ್ಯವೆನ್ನುವ ಕಾಲವದು. "ನಾನು ನಾಳೆ ಹೋದರೆ ಪಿಂಚಣಿ ನನ್ನ ಜೊತೆಗೇ ಹೋಗುತ್ತದೆ, ಗಂಟಾದರೆ ಇವಳ ಹೆಸರಿನಲ್ಲಿ ಇರುತ್ತದೆ" ಎಂಬುದು ಅವರ ವಾದ. ಆ ಕಾಲಕ್ಕೆ ಅದು ಸರಿಯಾದ ವಾದವೇ. 1965ರಲ್ಲಿ ನಿವೃತ್ತರಾದರು. ಗಂಟು ಬಂದಿತು. ಒಂದು ಭಾಗ ಮನೆಯ ಚಾವಣಿಗೆ, ಒಂದು ಭಾಗ ಇಬ್ಬರು ಹೆಣ್ಣುಮಕ್ಕಳ ಮದುವೆಗೆ, ಉಳಿದದ್ದು ಅಂಚೆ ಕಚೇರಿಯ ಪುಸ್ತಕಕ್ಕೆ. ಆನಂತರ ಅವರು, ಯಾರೂ ಎಣಿಸದ ರೀತಿಯಲ್ಲಿ, ಇಪ್ಪತ್ತೇಳು ವರ್ಷ ಬದುಕಿದರು.

ಆ ಇಪ್ಪತ್ತೇಳು ವರ್ಷಗಳ ಕಡೆಯ ಹದಿನೈದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಂಚೆ ಪುಸ್ತಕ 1970ರ ದಶಕದ ಬೆಲೆಯೇರಿಕೆಯಲ್ಲಿ ಕರಗಿತು. ಪಕ್ಕದ ಮನೆಯಲ್ಲಿದ್ದ ಅವರ ಸಹೋದ್ಯೋಗಿಗೆ, ಪಿಂಚಣಿಗೆ ರುಜು ಹಾಕಿದ್ದವರಿಗೆ, ತಿಂಗಳು ತಿಂಗಳು ಹಣ ಬರುತ್ತಿತ್ತು. ಬೆಲೆಯೇರಿದಂತೆ ಅದೂ ಒಂದಿಷ್ಟು ಏರುತ್ತಿತ್ತು. ಇವರು ಮಗನ ಕೈ ನೋಡಬೇಕಾಯಿತು. ಕೈ ನೋಡಿದರೆಂದೂ ಹೇಳಲಾರೆ. ಬೆಳಗಿನ ಕಾಫಿಯನ್ನು ಬಿಟ್ಟು, ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಕಾರಣ ಕೊಟ್ಟರು. ಆ ಕಾರಣವನ್ನು ನಾವು ಎಳೆಯರೆಲ್ಲ ನಂಬಿದ್ದೆವು.

ಈ ನಡುವೆ ದೆಹಲಿಯಲ್ಲಿ ಒಂದು ದೊಡ್ಡ ತೀರ್ಪು ಬಂದಿತು. ಡಿ.ಎಸ್. ನಾಕರಾ ಎಂಬವರು ರಕ್ಷಣಾ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದು 1972ರಲ್ಲಿ ನಿವೃತ್ತರಾದವರು. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿ, ಆ ವರ್ಷದ ಮಾರ್ಚ್ 31ರಂದು ಅಥವಾ ಆನಂತರ ನಿವೃತ್ತರಾಗುವವರಿಗೆ ಮಾತ್ರ ಎಂದು ಗೆರೆ ಎಳೆದಿತು. ಗೆರೆಯ ಹಿಂದಿನವರು ಮಾಡಿದ ತಪ್ಪೇನು ಎಂದು ನಾಕರಾ ಕೇಳಿದರು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅವರ ಪರವಾಗಿ ತೀರ್ಪಿತ್ತಿತು. ಪಿಂಚಣಿಯು ಮಾಲೀಕನ ಮರ್ಜಿಯ ಕೊಡುಗೆಯಲ್ಲ, ದುಡಿದ ದಿನಗಳಿಗೆ ಸಲ್ಲಬೇಕಾದ ಹಕ್ಕು, ವೃದ್ಧಾಪ್ಯದ ಸಾಮಾಜಿಕ ನ್ಯಾಯ ಎಂಬುದು ತೀರ್ಪಿನ ಸಾರ. ನ್ಯಾಯಮೂರ್ತಿ ಡಿ.ಎ. ದೇಸಾಯಿಯವರು ಬರೆದ ಆ ತೀರ್ಪಿನ ದಿನವನ್ನು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತೇವೆ. ನಮ್ಮ ತಾಲ್ಲೂಕಿನ ಸಂಘದಲ್ಲಿ ಅಂದು ಉಪ್ಪಿಟ್ಟು, ಕೇಸರಿಬಾತು, ಒಂದು ಭಾಷಣ ಇರುತ್ತದೆ. ಭಾಷಣಕಾರರು ನಾಕರಾ ಅವರ ಹೆಸರನ್ನು ಒಂದೊಂದು ವರ್ಷ ಒಂದೊಂದು ರೀತಿ ಹೇಳುತ್ತಾರೆ.

1987ರ ಮೇ 1ರಂದು ಕೇಂದ್ರ ಸರ್ಕಾರ ಮತ್ತೊಂದು ಹೆಜ್ಜೆ ಇಟ್ಟಿತು. ನಾಲ್ಕನೆಯ ವೇತನ ಆಯೋಗದ ಶಿಫಾರಸಿನಂತೆ, 1986ರ ಜನವರಿ 1ರಂದು ಸೇವೆಯಲ್ಲಿದ್ದ ಭವಿಷ್ಯ ನಿಧಿಯ ನೌಕರರೆಲ್ಲ ತಾವಾಗಿ ಬೇಡವೆಂದು ಬರೆದುಕೊಡದಿದ್ದರೆ ಪಿಂಚಣಿಗೆ ಬಂದಂತೆಯೇ ಎಂದು ಆಜ್ಞೆಯಾಯಿತು. ಮಿತಿಯುಳ್ಳ ಹಳೆಯ ಪದ್ಧತಿ ಹೆಚ್ಚುಕಡಿಮೆ ಮುಗಿದೇ ಹೋಯಿತೆನ್ನಬೇಕು. ಆದರೆ ಅದಕ್ಕೂ ಮುಂಚೆ ಗಂಟು ತೆಗೆದುಕೊಂಡು ಹೋಗಿದ್ದ ದೊಡ್ಡಪ್ಪನಂಥವರು?

ಅವರೂ ನ್ಯಾಯಾಲಯಕ್ಕೆ ಹೋದರು. ಕೃಷೇಣ ಕುಮಾರ್ ಎಂಬವರ ಹೆಸರಿನಲ್ಲಿರುವ ಆ ಮೊಕದ್ದಮೆಯ ತೀರ್ಪು 1990ರಲ್ಲಿ ಬಂದಿತು. ಅದೂ ಸಂವಿಧಾನ ಪೀಠವೇ. ರೈಲ್ವೆಯ ಭವಿಷ್ಯ ನಿಧಿ ನಿವೃತ್ತರು ನಾಕರಾ ತೀರ್ಪನ್ನು ಹಿಡಿದು, ನಮಗೂ ಪಿಂಚಣಿಗೆ ಬದಲಾಗಲು ಅವಕಾಶ ಕೊಡಿ ಎಂದರು. ನ್ಯಾಯಾಲಯ ಒಪ್ಪಲಿಲ್ಲ. ಒಪ್ಪದಿರಲು ಅದು ಕೊಟ್ಟ ಕಾರಣ ಈ ಇಡೀ ಚರಿತ್ರೆಯ ತಿರುಳೆಂದು ನನಗೆ ತೋರುತ್ತದೆ. ಭವಿಷ್ಯ ನಿಧಿಯಲ್ಲಿ ಸರ್ಕಾರದ ಹೊಣೆ ಖಾತೆ ತೆರೆದ ದಿನ ಆರಂಭವಾಗಿ, ನಿವೃತ್ತಿಯ ದಿನ ಗಂಟು ಕೊಟ್ಟೊಡನೆ ಮುಗಿಯುತ್ತದೆ. ಪಿಂಚಣಿಯಲ್ಲಿ ಹೊಣೆ ನಿವೃತ್ತಿಯ ದಿನ ಆರಂಭವಾಗುತ್ತದೆ, ಆತ ಸಾಯುವ ತನಕ ಮುಗಿಯುವುದಿಲ್ಲ. ಇವು ಎರಡು ಬೇರೆ ಬೇರೆ ಜಾತಿಯ ಕರಾರುಗಳು. ಒಂದರಲ್ಲಿದ್ದವರು ಇನ್ನೊಂದರವರೊಡನೆ ಸಮಾನತೆಯನ್ನು ಕೇಳಲಾಗದು. ಕಾನೂನಿನ ದೃಷ್ಟಿಯಿಂದ ಇದಕ್ಕೆ ಪ್ರತ್ಯುತ್ತರ ಹುಡುಕುವುದು ಕಷ್ಟ. ದೊಡ್ಡಪ್ಪ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಎರಡು ಸಲ ಓದಿ, ಕನ್ನಡಕ ತೆಗೆದು ಪತ್ರಿಕೆಯನ್ನು ಮಡಿಸಿಟ್ಟರು. ಎರಡು ವರ್ಷದ ನಂತರ ತೀರಿಕೊಂಡರು. ಇಂಥ ಹಳೆಯ ನಿವೃತ್ತರಿಗೆ ತಿಂಗಳಿಗೆ 600 ರೂಪಾಯಿ ಅನುಗ್ರಹ ಧನವೆಂದು ಕೇಂದ್ರ ಸರ್ಕಾರ ಕೊಡತೊಡಗಿದ್ದು 1997ರ ನವೆಂಬರಿನಿಂದ.

ನನ್ನ ಕಥೆಗೂ ಇದರ ಒಂದು ಎಳೆ ಇದೆ. ಸರ್ಕಾರಿ ನೌಕರಿಗೆ ಮುಂಚೆ ನಾನು ಎರಡು ವರ್ಷ ಅನುದಾನಿತ ಶಾಲೆಯೊಂದರಲ್ಲಿದ್ದೆ. ಅಲ್ಲಿನ ಮುಖ್ಯೋಪಾಧ್ಯಾಯರು 'ಟ್ರಿಪಲ್ ಬೆನಿಫಿಟ್' ಎಂಬ ಮಾತನ್ನು ದೇವರ ಹೆಸರಿನಂತೆ ಹೇಳುತ್ತಿದ್ದರು. ಭವಿಷ್ಯ ನಿಧಿ, ವಿಮೆ, ಪಿಂಚಣಿ ಮೂರೂ ಕೂಡಿದ ಯೋಜನೆ ಅದು. ಮದ್ರಾಸ್ ರಾಜ್ಯದಲ್ಲಿ 1950ರ ದಶಕದಲ್ಲಿ ಆರಂಭವಾಗಿ, ನಮ್ಮ ಮೈಸೂರು ರಾಜ್ಯಕ್ಕೆ 1960ರ ದಶಕದಲ್ಲಿ ಬಂದಿತು. ಖಾಸಗಿ ಶಾಲೆಯ ಮೇಷ್ಟ್ರಿಗೂ ಮುಪ್ಪಿನಲ್ಲಿ ತಿಂಗಳ ಹಣ ಬರುತ್ತದೆಂಬುದು ಅವರಿಗೆ ನಂಬಲಾಗದ ಸಂಗತಿಯಾಗಿತ್ತು. ಒಟ್ಟಿನಲ್ಲಿ 1957ರಿಂದ 1987ರ ತನಕದ ಮೂವತ್ತು ವರ್ಷಗಳ ನಡೆ ಒಂದೇ ದಿಕ್ಕಿನದು: ಮಿತಿಯುಳ್ಳ ಹೊಣೆಯಿಂದ ಮಿತಿಯಿಲ್ಲದ ಹೊಣೆಯ ಕಡೆಗೆ.

ಮಿತಿಯಿಲ್ಲದ ಹೊಣೆಗೆ ಲೆಕ್ಕ ಬೇಡವೇ? ಬೇಕಿತ್ತು, ಆದರೆ ಯಾರೂ ಇಡಲಿಲ್ಲ. ನಮ್ಮ ಪಿಂಚಣಿಗಾಗಿ ಸರ್ಕಾರ ಎಲ್ಲಿಯೂ ಹಣವನ್ನು ತೆಗೆದಿಟ್ಟಿರಲಿಲ್ಲ. ಆಯಾ ವರ್ಷದ ತೆರಿಗೆಯಿಂದ ಆಯಾ ವರ್ಷದ ಪಿಂಚಣಿ. ನೌಕರರು ಕಡಿಮೆ, ಆಯುಸ್ಸು ಕಡಿಮೆ ಇದ್ದಾಗ ಇದು ನಡೆಯಿತು. ಐದನೆಯ ವೇತನ ಆಯೋಗದ ಶಿಫಾರಸುಗಳು 1997ರಲ್ಲಿ ಜಾರಿಗೆ ಬಂದ ಮೇಲೆ ಕೇಂದ್ರ, ರಾಜ್ಯಗಳೆರಡರ ಬೊಕ್ಕಸವೂ ಬಿಗಿಯಿತು. ಸಂಬಳ, ಪಿಂಚಣಿ, ಸಾಲದ ಬಡ್ಡಿ ಈ ಮೂರನ್ನು ಕೊಟ್ಟ ಮೇಲೆ ರಸ್ತೆಗೆ, ಆಸ್ಪತ್ರೆಗೆ, ಶಾಲೆಯ ಕೊಠಡಿಗೆ ಉಳಿಯುವುದೆಷ್ಟು ಎಂಬ ಪ್ರಶ್ನೆ ಎದ್ದಿತು. ಈ ಪ್ರಶ್ನೆಯನ್ನು ಕೇಳಿದವರನ್ನು ನೌಕರರ ದ್ರೋಹಿಗಳೆಂದು ನಮ್ಮಲ್ಲಿ ಕೆಲವರು ಜರೆಯುವುದುಂಟು. ನಾನು ಆ ಸಾಲಿನವನಲ್ಲ. ಮಳೆಗಾಲದಲ್ಲಿ ಸೋರುವ ಕೊಠಡಿಯ ಒಂದು ಮೂಲೆಗೆ ಅರವತ್ತು ಮಕ್ಕಳನ್ನು ಒತ್ತರಿಸಿ ಪಾಠ ಮಾಡಿದವನು ನಾನು. ನನ್ನ ಪಿಂಚಣಿಯೂ ಆ ಹೆಂಚೂ ಒಂದೇ ಬೊಕ್ಕಸದಿಂದ ಬರಬೇಕೆಂಬುದು ನನಗೆ ಗೊತ್ತು. ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು ಇಡೀ ದೇಶದಲ್ಲಿ ಮೊದಲು ಮಾಡಿದ ರಾಜ್ಯವೂ ಕರ್ನಾಟಕವೇ, 2002ರಲ್ಲಿ.

ಹೊಸ ಪದ್ಧತಿಯ ಬೀಜ ಬಿದ್ದದ್ದು ಬೇರೆಯವರಿಗಾಗಿ ಎಂಬುದು ಒಂದು ವಿಚಿತ್ರ. ಎಸ್.ಎ. ದವೆ ಅವರ ಅಧ್ಯಕ್ಷತೆಯ 'ಓಯಸಿಸ್' ಯೋಜನೆಯ ತಜ್ಞರು 1999-2000ರಲ್ಲಿ ಯೋಚಿಸಿದ್ದು ಪಿಂಚಣಿಯ ಗಾಳಿಯನ್ನೇ ಕಾಣದ ಅಸಂಘಟಿತ ದುಡಿಮೆಗಾರರ ಮುಪ್ಪನ್ನು ಕುರಿತು. ಆದರೆ ಅಲ್ಲಿ ರೂಪುಗೊಂಡ ವೈಯಕ್ತಿಕ ಖಾತೆಯ ಯೋಚನೆ ಮೊದಲು ಬಂದು ಕುಳಿತದ್ದು ಸರ್ಕಾರಿ ನೌಕರನ ಹೆಗಲ ಮೇಲೆ. ಬೀದಿಯ ದುಡಿಮೆಗಾರನೂ ಸೇರಿ ಎಲ್ಲ ನಾಗರಿಕರಿಗೂ ಆ ಬಾಗಿಲು ತೆರೆದದ್ದು 2009ರಲ್ಲಿ.

ಸರ್ಕಾರಿ ನೌಕರರಿಗಾಗಿಯೇ ಕೇಂದ್ರವು 2001ರಲ್ಲಿ ಒಂದು ಉನ್ನತ ತಜ್ಞರ ತಂಡವನ್ನು ನೇಮಿಸಿತು. ಅದರ ಅಧ್ಯಕ್ಷರು ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಗಳಾಗಿದ್ದ ಬಿ.ಕೆ. ಭಟ್ಟಾಚಾರ್ಯ ಅವರು. 2002ರಲ್ಲಿ ಅವರು ಕೊಟ್ಟ ವರದಿಯನ್ನು ಇಂದು ನೆನೆಯುವವರು ಕಡಿಮೆ. ನೌಕರನೂ ಕಟ್ಟಲಿ, ಸರ್ಕಾರವೂ ಅಷ್ಟೇ ಕಟ್ಟಲಿ. ಆದರೆ ಕೊನೆಯಲ್ಲಿ ಇಷ್ಟು ಪಿಂಚಣಿ ಬರುತ್ತದೆಂಬ ಭರವಸೆಯೂ ಇರಲಿ ಎಂದು ಅವರು ಎರಡನ್ನೂ ಕೂಡಿಸಿದ ಒಂದು ನಡುದಾರಿಯನ್ನು ಸೂಚಿಸಿದರು. ಬೊಕ್ಕಸಕ್ಕೆ ಹಣ ತೆಗೆದಿಡುವ ಶಿಸ್ತು, ನೌಕರನಿಗೆ ಮುಪ್ಪಿನ ನೆಮ್ಮದಿ. ಸರ್ಕಾರ ಈ ದಾರಿಯನ್ನು ಹಿಡಿಯಲಿಲ್ಲ. 2003-04ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಸ್ವಂತ್ ಸಿಂಗ್ ಅವರು ಹೊಸ ಪದ್ಧತಿಯನ್ನು ಪ್ರಕಟಿಸಿದಾಗ ಅದರಲ್ಲಿ ಭರವಸೆಯ ಭಾಗವಿರಲಿಲ್ಲ. 2003ರ ಡಿಸೆಂಬರ್ 22ರಂದು ಅಧಿಸೂಚನೆ ಹೊರಟಿತು. 2004ರ ಜನವರಿ 1ರಿಂದ ಸೇನಾಪಡೆಗಳನ್ನು ಬಿಟ್ಟು ಕೇಂದ್ರದ ಹೊಸ ನೌಕರರಿಗೆಲ್ಲ ಇದೇ. ನೌಕರನ ಪಾಲು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10, ಸರ್ಕಾರದ್ದೂ ಶೇ. 10. ಅದರಾಚೆಗೆ ಸರ್ಕಾರದ ಹೊಣೆಯಿಲ್ಲ. ತಮಿಳುನಾಡು ಇದಕ್ಕೂ ಮೊದಲೇ, 2003ರ ಏಪ್ರಿಲ್‌ನಿಂದ, ತನ್ನದೇ ವಂತಿಗೆಯ ಪದ್ಧತಿಯನ್ನು ತಂದಿತ್ತು. ಒಂದೊಂದೇ ರಾಜ್ಯ ಹಿಂಬಾಲಿಸಿತು. ಪಶ್ಚಿಮ ಬಂಗಾಳ ಮಾತ್ರ ಕೊನೆಗೂ ಒಪ್ಪಲಿಲ್ಲ. ಕರ್ನಾಟಕದ ಗೆರೆ 2006ರ ಏಪ್ರಿಲ್ 1.

ಇನ್ನೊಂದು ಮಾತು. ಈ ನಿಧಿಯನ್ನು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಸಂಸತ್ತಿನ ಕಾಯ್ದೆಯ ಬಲ ಬಂದದ್ದು 2013ರಲ್ಲಿ. ನಮ್ಮ ರಾಜ್ಯದಲ್ಲಿ ಗೆರೆ ಎಳೆದದ್ದು 2006ರಲ್ಲಾದರೂ ಸಂಬಳದಲ್ಲಿ ಹಣ ಹಿಡಿಯುವ ಕ್ರಮ ಶುರುವಾದದ್ದು 2010ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳ ಬಾಕಿಯನ್ನು ಆಮೇಲೆ ಕಂತುಕಂತಾಗಿ ತುಂಬಿಸಬೇಕಾಯಿತು. ಬಾಗಿಲು ಮುಚ್ಚುವಾಗ ಇದ್ದ ಆತುರ ಹೊಸ ಬಾಗಿಲು ತೆರೆಯುವಾಗ ಇರಲಿಲ್ಲ ಎಂದರೆ ಅನ್ಯಾಯದ ಮಾತಾಗಲಾರದು.

ಈಗ ಸಂತೆಯ ಲೆಕ್ಕಕ್ಕೆ ಬರೋಣ. ನನ್ನ ಶಿಷ್ಯ ನಿವೃತ್ತನಾಗುವ ದಿನ ಅವನ ಖಾತೆಯಲ್ಲಿ 50 ಲಕ್ಷ ರೂಪಾಯಿ ಇದೆಯೆಂದು ಭಾವಿಸಿ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ಅವನ ಖಾತೆಯದಲ್ಲ. ನಿಯಮದಂತೆ ಕನಿಷ್ಠ ಶೇ. 40, ಅಂದರೆ 20 ಲಕ್ಷಕ್ಕೆ, ಅವನು ವಿಮಾ ಸಂಸ್ಥೆಯಿಂದ ವರ್ಷಾಶನವನ್ನು ಕೊಳ್ಳಬೇಕು. ವರ್ಷಕ್ಕೆ ನೂರಕ್ಕೆ ಆರರಂತೆ ಸಿಕ್ಕಿದರೆ 1 ಲಕ್ಷದ 20 ಸಾವಿರ, ತಿಂಗಳಿಗೆ 10,000. ಉಳಿದ 30 ಲಕ್ಷ ಕೈಗೆ ಬರುತ್ತದೆ. ಇಡೀ 50 ಲಕ್ಷವನ್ನೂ ವರ್ಷಾಶನಕ್ಕೇ ಹಾಕಿದರೆ ತಿಂಗಳಿಗೆ 25,000. ಅದೇ ಶಿಷ್ಯನ ಕೊನೆಯ ಮೂಲವೇತನ 80,000 ಆಗಿದ್ದು, ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆಯ ಪಿಂಚಣಿ ದೊರೆತಿದ್ದರೆ ಅದರ ಅರ್ಧ 40,000, ಮೇಲೆ ತುಟ್ಟಿಭತ್ಯೆ.

ಸಾಲಿನಲ್ಲಿ ಅವನು ಆಡಿದ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಮೇಷ್ಟ್ರ ಚಾಳಿ ಹೋಗುವುದಿಲ್ಲ. ವರ್ಷಾಶನವೂ ಸಾಯುವ ತನಕ ಬರುತ್ತದೆ, ಆ ಮಟ್ಟಿಗೆ ಅವನ ಗಂಟು ಬರಿದಾಗುವುದಿಲ್ಲ. ಆದರೆ ಅದು ಬೆಳೆಯುವುದಿಲ್ಲ. ಅರವತ್ತನೆಯ ವಯಸ್ಸಿನಲ್ಲಿ ಬಂದ 10,000 ಎಂಬತ್ತನೆಯ ವಯಸ್ಸಿನಲ್ಲಿಯೂ 10,000. ದೊಡ್ಡಪ್ಪನ ಅಂಚೆ ಪುಸ್ತಕವನ್ನು ಕಂಡವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಗಂಟಿನ ಗಾತ್ರವೂ ಅವನ ಕೈಯಲ್ಲಿಲ್ಲ. ಷೇರುಪೇಟೆ ಏರಿದ ವರ್ಷ ನಿವೃತ್ತನಾದರೆ ಒಂದು ಲೆಕ್ಕ, ಕುಸಿದ ವರ್ಷವಾದರೆ ಇನ್ನೊಂದು. ಸರ್ಕಾರದ ಪಾಲಿಗೆ ಮಿತಿ ಹಾಕಿದಾಗ ಆಯುಸ್ಸಿನ ಅನಿಶ್ಚಯ, ಬೆಲೆಗಳ ಅನಿಶ್ಚಯ, ಪೇಟೆಯ ಅನಿಶ್ಚಯ ಇವು ಮಾಯವಾಗಲಿಲ್ಲ. ದೊಡ್ಡ ಹೆಗಲಿನಿಂದ ಇಳಿದು ಚಿಕ್ಕ ಹೆಗಲಿಗೆ ಏರಿದವು, ಅಷ್ಟೆ. ಮೊದಲ ವರ್ಷಗಳಲ್ಲಿಯಂತೂ ನೌಕರ ಅಕಾಲದಲ್ಲಿ ತೀರಿಕೊಂಡರೆ ಸಂಸಾರಕ್ಕೆ ಸಿಗುತ್ತಿದ್ದದ್ದು ಬೆಳೆಯದಿದ್ದ ಆ ಚಿಕ್ಕ ಗಂಟು ಮಾತ್ರ. ಕೇಂದ್ರವು ಇದನ್ನು ಮನಗಂಡು, ಸೇವೆಯಲ್ಲಿರುವಾಗ ಮೃತರಾದವರ ಕುಟುಂಬಕ್ಕೆ ಹಳೆಯ ನಿಯಮದ ಸೌಲಭ್ಯವನ್ನು ತಾತ್ಕಾಲಿಕವಾಗಿ ಕೊಡಲೊಪ್ಪಿದ್ದು 2009ರಲ್ಲಿ.

ಬೊಕ್ಕಸಕ್ಕಾದರೂ ತಕ್ಷಣ ಉಳಿತಾಯವಾಯಿತೇ ಎಂದರೆ, ಇಲ್ಲ. ನನ್ನಂಥ ಹಳಬರಿಗೆ ಪಿಂಚಣಿ ಕೊಡುತ್ತಿರಬೇಕು, ಅವನಂಥ ಹೊಸಬರ ಖಾತೆಗೆ ಪಾಲನ್ನೂ ಕಟ್ಟಬೇಕು. ಒಂದು ತಲೆಮಾರಿನ ತನಕ ಎರಡು ಕೈಯಲ್ಲಿ ಖರ್ಚು. ಲಾಭ ಕಾಣುವುದು ಈ ಹೊಸಬರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತರಾಗುವಾಗ, 2030ರ ದಶಕದಲ್ಲಿ. ಹಳೆಯ ಪದ್ಧತಿಗೆ ಹಿಂದಿರುಗುವುದಾಗಿ ಕೆಲವು ರಾಜ್ಯಗಳು ಘೋಷಿಸಿದ್ದರ ಗುಟ್ಟೂ ಇಲ್ಲಿಯೇ ಇದೆ. 2022ರಲ್ಲಿ ರಾಜಸ್ಥಾನ ಆರಂಭಿಸಿತು. ಛತ್ತೀಸಗಢ, ಜಾರ್ಖಂಡ್, ಪಂಜಾಬ್, ಹಿಮಾಚಲ ಪ್ರದೇಶಗಳು ಅದೇ ದಾರಿ ಹಿಡಿದವು. ಇಂದು ಹಿಂದಿರುಗಿದರೆ ಇಂದೇ ಪಾಲು ಕಟ್ಟುವುದು ತಪ್ಪುತ್ತದೆ. ಪಿಂಚಣಿ ಕೊಡಬೇಕಾದವರು ಹತ್ತು ಹದಿನೈದು ವರ್ಷ ಬಿಟ್ಟು ಬರುವ ಬೇರೆ ಯಾವುದೋ ಮಂತ್ರಿಗಳು. ನೌಕರರ ಕೂಗು ನ್ಯಾಯವಾದದ್ದೆಂದು ನಂಬುವ ನನಗೂ ಈ ಸುಲಭದ ಔದಾರ್ಯ ಅನುಮಾನ ತರಿಸುತ್ತದೆ. ಹಾಗೆಯೇ, ನೌಕರನಿಗೆ ಮಿತಿ ಹಾಕಿದ ಶಾಸಕರು ತಮ್ಮ ಪಿಂಚಣಿಯನ್ನು ಮಾತ್ರ ಈ ಮಿತಿಯೊಳಗೆ ತರದೆ ಹಳೆಯ ದಾರಿಯಲ್ಲಿಯೇ ಉಳಿಸಿಕೊಂಡರೆಂಬುದನ್ನೂ ಹೇಳದೆ ಬಿಟ್ಟರೆ ಚರಿತ್ರೆ ಪೂರ್ತಿಯಾಗದು.

ನಮ್ಮ ರಾಜ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವರು 2006ರ ನಂತರ ಅನುದಾನಿತ ಶಾಲೆಗಳಿಗೆ ಸೇರಿದವರು. ಸಂಬಳ ಕೊಡುವುದು ಸರ್ಕಾರ, ನೇಮಕ ಮಾಡಿಕೊಂಡದ್ದು ಆಡಳಿತ ಮಂಡಳಿ. ಹಾಗಾದರೆ ಮಾಲೀಕನ ಪಾಲನ್ನು ಕಟ್ಟಬೇಕಾದವರು ಯಾರು? ಈ ಪ್ರಶ್ನೆಗೆ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಿದರೆ ಮಿತಿ ಎಂಬುದು ಸೊನ್ನೆಗೇ ಬಂದು ನಿಲ್ಲುತ್ತದೆ. 2022-23ರಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತಿದ್ದರು. ನನ್ನ ಹಳೆಯ ಶಾಲೆಯ ಇಬ್ಬರೂ ಅಲ್ಲಿದ್ದರೆಂದು ಕೇಳಿ, 'ಟ್ರಿಪಲ್ ಬೆನಿಫಿಟ್' ಎಂದು ಕೈ ಮುಗಿಯುತ್ತಿದ್ದ ಆ ಮುಖ್ಯೋಪಾಧ್ಯಾಯರ ನೆನಪಾಯಿತು.

ಗೆರೆಯ ಮೇಲೆಯೇ ಕಾಲಿಟ್ಟು ನಿಂತವರೂ ಇದ್ದರು. ನೇಮಕಾತಿಯ ಪ್ರಕಟಣೆ 2006ರ ಏಪ್ರಿಲ್ 1ಕ್ಕೆ ಮುಂಚೆ, ಪರೀಕ್ಷೆಯೂ ಮುಂಚೆ, ಆದರೆ ಆದೇಶದ ಕಾಗದ ಕೈಸೇರಿದ್ದು ಆಮೇಲೆ. ಕಡತ ಯಾವುದೋ ಮೇಜಿನ ಮೇಲೆ ಮಲಗಿದ್ದ ದಿನಗಳು ಒಬ್ಬನ ಮುಪ್ಪನ್ನು ನಿರ್ಧರಿಸಿದವು. ಕೇಂದ್ರ ಸರ್ಕಾರ ಇಂಥ ತನ್ನ ನೌಕರರಿಗೆ ಹಳೆಯ ಪದ್ಧತಿಯ ಆಯ್ಕೆಯನ್ನು 2023ರ ಮಾರ್ಚ್‌ನಲ್ಲಿ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಸುಮಾರು 13,000 ನೌಕರರಿಗೆ ಅನ್ವಯಿಸುವಂತೆ ಆದೇಶ ಮಾಡಿತು. ಹದಿನೆಂಟು ವರ್ಷ ಕಾದ ಮೇಲೆ.

ಗೆರೆಯನ್ನು ಎಳೆದವರು ತಾವೇ ಅದನ್ನು ಮೆಲ್ಲಮೆಲ್ಲನೆ ಸರಿಸುತ್ತ ಬಂದದ್ದನ್ನೂ ಗಮನಿಸಬೇಕು. 2019ರ ಏಪ್ರಿಲ್‌ನಿಂದ ಕೇಂದ್ರವು ತನ್ನ ಪಾಲನ್ನು ಶೇ. 10ರಿಂದ 14ಕ್ಕೆ ಏರಿಸಿತು. 2023ರಲ್ಲಿ ಟಿ.ವಿ. ಸೋಮನಾಥನ್ ಅವರ ಸಮಿತಿ ಕುಳಿತಿತು. 2024ರ ಆಗಸ್ಟ್ 24ರಂದು ಕೇಂದ್ರ ಸಂಪುಟ 'ಏಕೀಕೃತ ಪಿಂಚಣಿ ಯೋಜನೆ'ಯನ್ನು ಒಪ್ಪಿತು. 2025ರ ಏಪ್ರಿಲ್ 1ರಿಂದ ಅದು ಕೇಂದ್ರ ನೌಕರರಿಗೆ ಐಚ್ಛಿಕವಾಗಿ ಜಾರಿಗೆ ಬಂದಿತು. ನೌಕರನ ಪಾಲು ಶೇ. 10, ಸರ್ಕಾರದ ಪಾಲು ಶೇ. 18.5. ಇಪ್ಪತ್ತೈದು ವರ್ಷ ದುಡಿದವನಿಗೆ ಕೊನೆಯ ಹನ್ನೆರಡು ತಿಂಗಳ ಮೂಲವೇತನದ ಸರಾಸರಿಯ ಅರ್ಧದಷ್ಟು ಪಿಂಚಣಿಯ ಭರವಸೆ, ಬೆಲೆಗಳೊಡನೆ ಏರುವ ಪರಿಹಾರ ಭತ್ಯೆ. ಹತ್ತು ವರ್ಷ ದುಡಿದವನಿಗೆ ಕನಿಷ್ಠ 10,000 ರೂಪಾಯಿ.

ನೌಕರನೂ ಕಟ್ಟಬೇಕು, ಸರ್ಕಾರವೂ ಕಟ್ಟಬೇಕು, ಕೊನೆಯಲ್ಲಿ ಭರವಸೆಯೂ ಇರಬೇಕು. ಇದನ್ನು ಓದಿದಾಗ ನಾನು ಎದ್ದು ಹೋಗಿ ಭಟ್ಟಾಚಾರ್ಯ ಅವರ ವರದಿಯ ಬಗ್ಗೆ ಹಿಂದೆ ಬರೆದಿಟ್ಟುಕೊಂಡಿದ್ದ ಟಿಪ್ಪಣಿಯನ್ನು ಹುಡುಕಿ ತೆಗೆದೆ. ಶೇಕಡಾವಾರು ಲೆಕ್ಕ ಬೇರೆ, ಮೂಲ ಯೋಚನೆ ಅದೇ. ಇಪ್ಪತ್ತೆರಡು ವರ್ಷ ಸುತ್ತಿ ನಾವು 2002ರ ಮೇಜಿಗೇ ಬಂದು ನಿಂತಿದ್ದೆವು. ಅಂದೇ ಆ ದಾರಿ ಹಿಡಿದಿದ್ದರೆ ಒಂದು ತಲೆಮಾರು ಬೀದಿಯಲ್ಲಿ ಕೂರಬೇಕಾಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡದು. ಆದರೆ ಈ ಯೋಜನೆ ಕೇಂದ್ರದ್ದು. ನನ್ನ ಶಿಷ್ಯ ರಾಜ್ಯದ ನೌಕರ.

ಅವನು ಮೊನ್ನೆ ಫೋನು ಮಾಡಿದ್ದ. 2008ರಿಂದ 2010ರ ತನಕದ ಬಾಕಿಯ ಕಂತುಗಳಲ್ಲಿ ತನ್ನ ಪಾಲೇನೋ ಎಲ್ಲವೂ ಖಾತೆಗೆ ಸೇರಿದೆ, ಸರ್ಕಾರದ ಪಾಲಿನಲ್ಲಿ ಕೆಲವು ತಿಂಗಳು ಕಾಣುತ್ತಿಲ್ಲ ಎಂದು ಅವನ ಅನುಮಾನ. ಮುಂದಿನ ಭಾನುವಾರ ಖಾತೆಯ ವಿವರ, ಸಂಬಳದ ಹಳೆಯ ಪಟ್ಟಿಗಳು ಎಲ್ಲವನ್ನೂ ಹೊತ್ತು ತರುತ್ತಾನಂತೆ. ಇಬ್ಬರೂ ಕುಳಿತು ತಿಂಗಳು ತಿಂಗಳಾಗಿ ತಾಳೆ ನೋಡಬೇಕೆಂದು ಒಪ್ಪಂದವಾಗಿದೆ. ಮಧ್ಯಾಹ್ನದ ಊಟಕ್ಕೆ ಇಲ್ಲಿಯೇ ಇರಬೇಕೆಂದು ಹೇಳಿದ್ದೇನೆ.